ನಾಲ್ಕು ಮನೆ ಶ್ರುತಿಯಲ್ಲಿ ಒಂದು ರಷ್ಯನ್ ಕಥೆ

ಜಯಚಾಮರಾಜ ಒಡೆಯರ್ ಅವರ ಅಠಾಣ ರಾಗದ ಗಣಪತಿ ಕೃತಿಯನ್ನು ಎಷ್ಟು ಮಕ್ಕಳಿಗೆ ವೀಣೆಯಲ್ಲಿ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿ ರಚಿಸಿದವರು, ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು ಎಂದು ಹೇಳಿ ಪಾಠ ಶುರುಮಾಡುವುದು ನನ್ನ ರೂಢಿ. ಅದೇ ಒಡೆಯರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರನೊಬ್ಬನ ಧ್ವನಿಮುದ್ರಣಕ್ಕೆ ಹಣ ಕೊಟ್ಟರು ಎನ್ನುವ ಸಂಗತಿಯನ್ನೂ ಮೈಸೂರಿನಲ್ಲಿ ದಸರಾ ಹೊತ್ತಿಗೆ ಯಾರಾದರೂ ಎತ್ತುತ್ತಾರೆ. ಎತ್ತಿದವರು ಅವರ ಔದಾರ್ಯ ಹೊಗಳುತ್ತಾರೆ. ಆ ಸಂಗೀತ ಕೇಳುವುದಕ್ಕೆ ಹೇಗಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ, ಕೇಳಿದ್ದರೆ ತಾನೆ.

ಆತನ ಹೆಸರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ರಷ್ಯಾದ ಹೆಸರಾಂತ ಸಂಗೀತಕಾರ ರಾಖ್ಮನಿನಾಫ್‌ನ ಗೆಳೆಯ. 1921ರಲ್ಲಿ ರಷ್ಯಾ ಬಿಟ್ಟು, ಯುರೋಪಿನಲ್ಲಿ ಅಲೆದು, ಕಡೆಗೆ ಲಂಡನ್ ಸೇರಿದ. ಎರಡನೇ ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು, 1942ರಲ್ಲಿ ಹೃದಯಾಘಾತವೂ ಆಯಿತು. ಅಂಥ ಮನುಷ್ಯನ ಮೂರೂ ಪಿಯಾನೋ ಕನ್ಸರ್ಟೊಗಳು (ಪಿಯಾನೋ ಮತ್ತು ವಾದ್ಯವೃಂದಕ್ಕೆಂದು ಬರೆದ ದೊಡ್ಡ ರಚನೆಗಳು) 1947ರಲ್ಲಿ ಅವನದೇ ಕೈಯಿಂದ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಧ್ವನಿಮುದ್ರಣಗೊಂಡವು. ಖರ್ಚು ಮೈಸೂರಿನದು. ಮೂರನೇ ಕನ್ಸರ್ಟೊವನ್ನು ಆತ ಮಹಾರಾಜರಿಗೆ ಅರ್ಪಿಸಿದ. ಆಗ ಮಹಾರಾಜರಿಗೆ ಇಪ್ಪತ್ತೆಂಟು ವರ್ಷ. ಪಿಯಾನೋ ವಾದಕರಾಗಬೇಕು ಅಂದುಕೊಂಡಿದ್ದವರು. 1940ರಲ್ಲಿ ಐದು ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡು ಪಟ್ಟಕ್ಕೆ ಕೂರಬೇಕಾಯಿತು.

ಆ ಮೂರನೇ ಕನ್ಸರ್ಟೊವನ್ನು ಕೊನೆಗೂ ಇಂಟರ್‌ನೆಟ್ಟಿನಲ್ಲಿ ಹುಡುಕಿ ಕೇಳಿದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನಿದ್ದೆ ಬಂತು. ನಿಜ ಹೇಳಬೇಕೆಂದರೆ ಸ್ವಲ್ಪ ಅವಮಾನವಾಯಿತು. ನಮ್ಮ ಕೃತಿಗಳನ್ನು ಬರೆದ ಕಿವಿಯೇ ಇದನ್ನೂ ಮೆಚ್ಚಿದ್ದಲ್ಲವೇ? ಕೇಳಿ ತಿಳಿಯದಿದ್ದರೆ ಬೆರಳಿಗೆ ತಂದುಕೊಂಡು ನೋಡೋಣ ಎಂದುಕೊಂಡೆ. ಕಾನ್ವೆಂಟಿನಲ್ಲಿದ್ದಾಗ ಪಿಯಾನೋದಲ್ಲಿ ಐದನೇ ಗ್ರೇಡ್‌ವರೆಗೆ ಪರೀಕ್ಷೆ ಕಟ್ಟಿದ್ದೆ. ಮನೆಯ ಹಜಾರದಲ್ಲಿ ಸೆಕೆಂಡ್ ಹ್ಯಾಂಡ್ ಪಿಯಾನೋ ಒಂದು ಹದಿನೈದು ವರ್ಷದಿಂದ ಫೋಟೋ ಸ್ಟ್ಯಾಂಡಿನ ಕೆಲಸ ಮಾಡಿಕೊಂಡಿತ್ತು.

ಕನ್ಸರ್ಟೊ ನನ್ನ ಕೈಗೆ ಎಟುಕುವ ವಸ್ತುವಲ್ಲ. ಆದರೆ ಮೆಟ್ನರ್ 'ಸ್ಕಾಜ್ಕ' ಎಂಬ ಹೆಸರಿನ ಚಿಕ್ಕ ರಚನೆಗಳನ್ನು ಮೂರು ಡಜನ್‌ಗಿಂತ ಹೆಚ್ಚು ಬರೆದಿದ್ದಾನೆ. ಇಂಗ್ಲಿಷಿನವರು ಅದನ್ನು ಫೇರಿ ಟೇಲ್ ಎಂದು ಕರೆದು ಕೆಡಿಸಿದರು, ಎಲ್ಲರೂ ರೆಕ್ಕೆಯ ಕಿನ್ನರಿಯರನ್ನು ಹುಡುಕುವಂತಾಯಿತು. ರಷ್ಯನ್ನಿನಲ್ಲಿ ಆ ಪದ 'ಹೇಳು' ಎನ್ನುವ ಧಾತುವಿನಿಂದ ಬಂದದ್ದು. ನಮ್ಮಲ್ಲಿ ಅಜ್ಜಿಕಥೆ ಅಂದರೆ ಸಾಕು. ನಾನು ಆರಿಸಿಕೊಂಡದ್ದು ಓಪಸ್ 26ರ ಮೂರನೆಯದು, ಎಫ್ ಮೈನರ್, ಹೆಚ್ಚೆಂದರೆ ಮೂರು ನಿಮಿಷ. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ನಮ್ಮ ಕಾಯ್ದೆಯ 60 ವರ್ಷದ ಕಾಪಿರೈಟ್ ಮುಗಿದಿದೆ, ಹಾಗಾಗಿ ನೊಟೇಶನ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ.

ವೀಣೆಯವಳ ಬುದ್ಧಿ ಎಲ್ಲಿಗೆ ಹೋಗುತ್ತದೆ! ಮೊದಲು ಮಾಡಿದ ಕೆಲಸ, ಇಡೀ ರಚನೆಯನ್ನು ಸರಿಗಮದಲ್ಲಿ ಬರೆಯಲು ಕೂತದ್ದು. ಪಿಯಾನೋದ ಎಫ್ ಸ್ವರ ಅಂದರೆ ನಮ್ಮ ಶ್ರುತಿಯ ಲೆಕ್ಕದಲ್ಲಿ ನಾಲ್ಕು ಮನೆ. ಅದನ್ನೇ ಷಡ್ಜ ಮಾಡಿಕೊಂಡರೆ ಕೆಲವು ಕಡೆ ನಟಭೈರವಿ ರಾಗ, ನಿಷಾದ ಮೇಲೇರಿ ಕಾಕಲಿ ನಿಷಾದವಾದ ಕಡೆ ಕೀರವಾಣಿ ರಾಗ. ಕನ್ನಡ ಅಕ್ಷರದಲ್ಲಿ ಮೇಲಿನ ಸಾಲು ಒಂದು ಬಣ್ಣ, ಕೆಳಗಿನದು ಇನ್ನೊಂದು ಬಣ್ಣ. ಬಹಳ ಖುಷಿಯಾಯಿತು. ಆ ಉತ್ಸಾಹದಲ್ಲಿ ವೀಣೆಯನ್ನೂ ನಾಲ್ಕು ಮನೆಗೆ ಏರಿಸಿ ನುಡಿಸಿ ನೋಡೋಣ ಎಂದು ಬಿರಡೆ ತಿರುಗಿಸಿದೆ. ನನ್ನ ವೀಣೆ ಮೂರು ಮನೆಯದು. ಅರ್ಧ ಸ್ವರವಷ್ಟೇ, ಏನಾದೀತು ಅಂದುಕೊಂಡೆ. ಮುಖ್ಯ ತಂತಿ ಸಾರಣಿ ಟಪ್ಪೆಂದು ಹರಿದು ಮೊಣಕೈಗೆ ಬಾರಿಸಿತು. ಅಡುಗೆಮನೆಯಿಂದ ಅಮ್ಮ, "ಪಿಯಾನೋದ ಹುಚ್ಚಿಗೆ ಸರಸ್ವತಿಯನ್ಯಾಕೆ ಹಿಂಸೆ ಮಾಡ್ತೀಯೇ?" ಅಂದಳು.

ಬರೆದ ಸರಿಗಮ ಕೂಡ ನಡುವಿನಲ್ಲಿ ಕುಸಿಯಿತು. ನಮ್ಮಲ್ಲಿ ಷಡ್ಜ ಮನೆಯ ಹೊಸ್ತಿಲಿದ್ದ ಹಾಗೆ, ಕದಲುವುದಿಲ್ಲ. ಇಲ್ಲಿ ನಡುವೆ ಹೊಸ್ತಿಲೇ ಪಕ್ಕದ ಮನೆಗೆ ಹೋಗಿಬಿಡುತ್ತದೆ. ಹತ್ತಿರದ್ದೆಂದರೆ ಗ್ರಹಭೇದ, ರಾಗದ ಬೇರೊಂದು ಸ್ವರವನ್ನೇ ಷಡ್ಜವೆಂದುಕೊಳ್ಳುವುದು, ಆದರೆ ಗ್ರಹಭೇದದಲ್ಲಿ ತಂಬೂರಿ ಇದ್ದಲ್ಲೇ ಇರುತ್ತದೆ, ಸುತ್ತಾಡಿ ಬಂದ ಕಿವಿಗೆ ಮರಳುವ ಜಾಗ ಗೊತ್ತಿರುತ್ತದೆ. ಇಲ್ಲಿ ತಂಬೂರಿಯನ್ನೇ ಯಾರೋ ಎತ್ತಿಕೊಂಡು ಹೋಗುತ್ತಾರೆ. ಎರಡು ವಾರ ಬಿದ್ದು ಒದ್ದಾಡಿ, ಕಡೆಗೆ ಆ ಭಾಗದ ಸರಿಗಮ ಕಾಗದ ಹರಿದು ಹಾಕಿದೆ. ಬರೀ ಎಡಗೈಯ ಕೆಳಗಿನ ಸಾಲನ್ನು ನುಡಿಸುತ್ತ, ಅದರ ಮೇಲೆ ಮೇಲಿನ ಸಾಲನ್ನು ಬಾಯಲ್ಲಿ ಹಾಡುತ್ತ ಹೋದೆ. ತಂಬೂರಿ ಯಾವಾಗ ಹೊರಟಿತು, ಯಾವ ಬಾಗಿಲಲ್ಲಿ ವಾಪಸು ಬಂತು ಎಂಬುದನ್ನು ಕಿವಿ ಆಮೇಲೆ ಹಿಡಿಯಿತು. ಮೆಟ್ನರನ ಮೇಲಿನ ರಾಗ ಕೇಳಿದರೆ ಅರ್ಧವಷ್ಟೇ ಸಿಗುತ್ತದೆ. ಒಳಗಿನ ಸಾಲುಗಳು ತಮ್ಮಷ್ಟಕ್ಕೆ ಬೇರೊಂದು ಮಾತಾಡುತ್ತಿರುತ್ತವೆ. ಕನ್ಸರ್ಟೊ ಕೇಳುವಾಗ ನಿದ್ದೆ ಬಂದದ್ದು ಯಾಕೆ ಎಂದು ಆಗ ತಿಳಿಯಿತು, ನಾನು ಒಂದೇ ದನಿಗೆ ಕಾಯುತ್ತ ಕೂತಿದ್ದೆ.

ಅಷ್ಟರಲ್ಲಿ ಮಳೆಗಾಲ. ಪಿಯಾನೋದ ಡಿ ಫ್ಲ್ಯಾಟ್ ಕೀ, ನಮ್ಮ ಮಾತಿನಲ್ಲಿ ಮನೆ, ಒತ್ತಿದರೆ ಮೇಲೇಳದೆ ಹಾಗೇ ಕೂತುಬಿಡತೊಡಗಿತು. ನನ್ನ ಲೆಕ್ಕದಲ್ಲಿ ಅದು ಶುದ್ಧ ಧೈವತ. ಪಂಚಮದ ಮೇಲೆ ಅದೊಂದು ಅರ್ಧ ಹೆಜ್ಜೆ ಇಲ್ಲದಿದ್ದರೆ ಈ ರಚನೆಯ ಸಂಕಟವೇ ಇಲ್ಲ, ಕೆಟ್ಟದ್ದು ಸರಿಯಾಗಿ ಅದೇ. ಬೆರಳಿನಿಂದ ಮೇಲೆತ್ತಿ ಮೇಲೆತ್ತಿ ನುಡಿಸಿದೆ. ಬೆಂಗಳೂರಿನಿಂದ ಬಂದ ಟ್ಯೂನರ್ ಮುಂದಿನ ಹಲಗೆ ಬಿಚ್ಚಿ, ಆ ಮನೆಯನ್ನು ಹೊರಗೆಳೆದು ತೋರಿಸಿದರು. ಒಳಗೆ ಪಿನ್ನು ಹೋಗುವ ತೂತಿಗೆ ಕೆಂಪು ಉಣ್ಣೆ ಬಟ್ಟೆ ಅಂಟಿಸಿರುತ್ತಾರೆ. ತೇವಕ್ಕೆ ಅದೂ ಮರವೂ ಉಬ್ಬಿ ಪಿನ್ನನ್ನು ಕಚ್ಚಿ ಹಿಡಿದಿದ್ದವು. ಇಕ್ಕಳದಂಥ ಸಾಧನದಿಂದ ಬಟ್ಟೆಯನ್ನು ಮೆಲ್ಲನೆ ಅದುಮಿ ಸಡಿಲ ಮಾಡಿದರು. "ಒಳಗೆ ಒಂದು ಸಣ್ಣ ಬಲ್ಬು ಹಾಕಿಟ್ಟಿರಿ ಅಮ್ಮ, ಮಳೆಗಾಲ ಮುಗಿಯೋವರೆಗೆ. ಮರಕ್ಕೆ ಮಾತ್ರ ತಾಗಬಾರದು," ಅಂದರು. 15 ವ್ಯಾಟಿನ ಬಲ್ಬು ಹಾಕಿದೆ. ರಾತ್ರಿ ಹಜಾರದಲ್ಲಿ ಪಿಯಾನೋದ ಸಂದಿನಿಂದ ಬೆಳಕು ಸೋರುವುದು ದೇವರ ಗೂಡಿನ ಹಾಗೆ ಕಾಣುತ್ತಿತ್ತು.

ಧೈವತದ್ದೇ ಇನ್ನೊಂದು ತಕರಾರು. ವೀಣೆಯಲ್ಲಿ ಆ ಸ್ವರವನ್ನು ನಾನು ಸುಮ್ಮನೆ ಬಿಟ್ಟವಳಲ್ಲ, ತಂತಿ ಎಳೆದು ತೂಗಾಡಿಸದಿದ್ದರೆ ಸಮಾಧಾನವಿಲ್ಲ. ಪಿಯಾನೋದಲ್ಲಿ ಒತ್ತಿದ ಮೇಲೆ ಮುಗಿಯಿತು, ಸ್ವರ ಹುಟ್ಟಿದ ಕ್ಷಣದಿಂದ ಸಾಯುತ್ತಲೇ ಹೋಗುತ್ತದೆ. ನನ್ನ ಕಿರುಬೆರಳು ಮಾತ್ರ ಅಭ್ಯಾಸಬಲದಿಂದ ಬಿಳಿ ಮನೆ ಕರಿ ಮನೆಗಳ ಮೇಲೆ ಅಲುಗುತ್ತಲೇ ಇತ್ತು, ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ. ಆಮೇಲೆ ಕಂಡುಕೊಂಡ ದಾರಿ ಇದು: ಮುಂದಿನ ಸ್ವರವನ್ನು ಹೊಸದಾಗಿ ಹೊಡೆಯದೆ, ಹಿಂದಿನದು ಎಷ್ಟು ಕ್ಷೀಣಿಸಿದೆಯೋ ಅಷ್ಟೇ ಬಲದಲ್ಲಿ ಮುಟ್ಟುವುದು. ಆಗ ಎರಡರ ನಡುವೆ ಜಾರು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಇದ್ದಂತೆ ಕಿವಿಗೆ ಭ್ರಮೆಯಾಗುತ್ತದೆ.

ಹಾಳೆಯ ನೆತ್ತಿಯ ಮೇಲೆ ಮೆಟ್ನರ್ ಇಟಾಲಿಯನ್‌ನಲ್ಲಿ ಒಂದು ಸೂಚನೆ ಕೊಟ್ಟಿದ್ದಾನೆ: ನರಾಂತೆ ಆ ಪ್ಯಾಚೇರೆ. ಕಥೆ ಹೇಳುವ ಹಾಗೆ, ಇಷ್ಟ ಬಂದಂತೆ. ಇಷ್ಟ ಬಂದಂತೆ ಅಂದದ್ದೇ ತಡ, ನಾನು ಎಲ್ಲೆಂದರಲ್ಲಿ ಎಳೆದು ನಿಲ್ಲಿಸಿ ರಚನೆಯನ್ನು ರಬ್ಬರ್ ಮಾಡಿಬಿಟ್ಟೆ. ರೆಕಾರ್ಡ್ ಮಾಡಿ ಕೇಳಿದಾಗ ನನಗೇ ಹೇಸಿಗೆ. ಮೆಟ್ರೊನೋಮ್ ಹಾಕಿದೆ, ಡ್ರಿಲ್ ಮೇಷ್ಟ್ರ ಕವಾಯತಾಯಿತು. ಈ ಗಂಟು ಬಿಡಿಸಿದ್ದು ಕಾವ್ಯ ಓದುವ ಗಮಕ. ಚಿಕ್ಕಂದಿನಲ್ಲಿ ಬೀದಿಯ ರಾಮಮಂದಿರದಲ್ಲಿ ಕುಮಾರವ್ಯಾಸ ಭಾರತ ಓದುವುದನ್ನು ಕೇಳುತ್ತಿದ್ದೆವು. ಗಮಕಿಗಳು ತಾಳ ಹಾಕುವುದಿಲ್ಲ, ಆದರೂ ಭಾಮಿನಿ ಷಟ್ಪದಿಯ ಮೂರು ನಾಲ್ಕರ ಮಾತ್ರೆ ಒಳಗೆ ಹರಿಯುತ್ತಲೇ ಇರುತ್ತದೆ. ನಿಲ್ಲುವುದು ಅರ್ಥಕ್ಕೆ. ದಿನಾ ಬೆಳಿಗ್ಗೆ ಒಂದು ಷಟ್ಪದಿ ಗಟ್ಟಿಯಾಗಿ ಓದಿ, ಉಸಿರು ಆರುವ ಮೊದಲೇ ಪಿಯಾನೋಕ್ಕೆ ಕೂತೆ. ಐದಾರು ದಿನದಲ್ಲಿ ವಾಕ್ಯಗಳು ತಾವಾಗಿ ಬಿಡಿಬಿಡಿಯಾದವು.

ಒಟ್ಟು ಏಳು ತಿಂಗಳು ಹಿಡಿಯಿತು, ಮೂರು ನಿಮಿಷಕ್ಕೆ. ನವರಾತ್ರಿಯಲ್ಲಿ ಬೊಂಬೆ ನೋಡಲು ಬಂದ ಮಕ್ಕಳ ಮುಂದೆ ನುಡಿಸಿದೆ. ಒಂದು ಕಡೆ ತಪ್ಪಿತು, ಒಂದು ಕಡೆ ಹೆದರಿ ಓಡಿಸಿದೆ. ಮುಗಿದಾಗ ಎಂಟು ವರ್ಷದ ಹುಡುಗಿ, "ಮಿಸ್, ಇದು ಕೀರವಾಣಿನಾ?" ಅಂದಳು. "ಅರ್ಧ," ಅಂದೆ. "ಉಳಿದರ್ಧ?" ಅಂದಳು. ಚರುಪು ಹಂಚುವುದಿತ್ತು, ಎದ್ದೆ.

ಈಗ ಕನ್ಸರ್ಟೊವನ್ನು ಮತ್ತೆ ಹಾಕಿಕೊಂಡು ಕೇಳುತ್ತೇನೆ, ಬೆಳಿಗ್ಗೆ, ನಿದ್ದೆ ಬಾರದ ಹೊತ್ತಿನಲ್ಲಿ. ಒಂದೊಂದು ಸಲ ಒಂದೊಂದು ದನಿ ಹಿಡಿದು. ಮೊನ್ನೆ ಬರೀ ಎಡಗೈಯನ್ನು ಹಿಂಬಾಲಿಸಿದೆ, ಅರುವತ್ತೇಳರ ಮುದುಕನ ಎಡಗೈ.