ಕಣ್ಣಳತೆ ಬಿಟ್ಟ ರಾತ್ರಿ

ಚಿಕ್ಕಬಳ್ಳಾಪುರದಲ್ಲಿ ನಮ್ಮಪ್ಪನಿಗೆ ಟ್ರ್ಯಾಕ್ಟರ್ ಗ್ಯಾರೇಜ್ ಇತ್ತು. ದ್ರಾಕ್ಷಿ ತೋಟದವರು ಬೆಳಿಗ್ಗೆಯೇ ಬಂದು ನಿಲ್ಲುತ್ತಿದ್ದರು. ಅಪ್ಪ ಕಳಚಿದ ಬೋಲ್ಟನ್ನು ಎರಡು ಬೆರಳಲ್ಲಿ ಹೊರಳಿಸಿ ನೋಡಿ, ಡಬ್ಬಿಗೆ ಕೈ ಹಾಕಿದರೆ ಅದರ ಜೋಡಿಯೇ ಕೈಗೆ ಬರುತ್ತಿತ್ತು. ಆ ಕಣ್ಣಳತೆ ನನಗೂ ಬಂತು. ಅದು ದೊಡ್ಡ ವಿದ್ಯೆ ಅಂತ ಇವತ್ತಿಗೂ ನಂಬಿದ್ದೇನೆ. ಆದರೆ ವಿಮಾನದ ಹತ್ತಿರ ಅದನ್ನು ಮರೆಯಲೇಬೇಕಾಯಿತು.

ನಾನು ವಿಮಾನ ದುರಸ್ತಿ ಇಂಜಿನಿಯರ್. ಊರಿಂದ ದೇವನಹಳ್ಳಿಗೆ ನೈಟ್ ಶಿಫ್ಟಿಗೆ ಹೋಗಿ ಬರುತ್ತಿದ್ದ ಕಾಲ. ಒಂದು ರಾತ್ರಿ, ಮೂರು ಗಂಟೆ ಇರಬಹುದು, ಚಿಪ್ ಡಿಟೆಕ್ಟರ್ ನೋಡುವ ಕೆಲಸ ಬಂತು. ಇಂಜಿನ್ ಆಯಿಲಿನಲ್ಲಿ ಲೋಹದ ಚೂರು ಬಂದರೆ ಹಿಡಿದುಕೊಳ್ಳುವ ಮ್ಯಾಗ್ನೆಟ್ ಪ್ಲಗ್ ಅದು. ತೆಗೆದು ಒರೆಸಿ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದು ಹಾಕಿ, ಮತ್ತೆ ಕೂರಿಸಬೇಕು. ಟ್ರಾಲಿ ಮೇಲೆ ಬೇರೆ ಕೆಲಸಕ್ಕೆ ತಂದ ಪ್ಯಾಕೆಟ್‌ಗಳೂ ಇದ್ದವು. ಹಳೆಯ ರಿಂಗಿನ ಪಕ್ಕ ಹೊಸದನ್ನು ಹಿಡಿದೆ. ಒಂದೇ ಥರ ಕಂಡಿತು. ಆಯಿಲ್ ಸವರಿ ಹಾಕಿಬಿಟ್ಟೆ.

ಚೆಕ್ ಮಾಡಲು ಬಂದ ಸೀನಿಯರ್ ಇಂಜಿನ್ ಕಡೆ ನೋಡಲೇ ಇಲ್ಲ. "ಪ್ಯಾಕೆಟ್ ಎಲ್ಲಪ್ಪಾ?" ಅಂದರು.

"ಇಲ್ಲೇ ಇದೆ ಸಾರ್."

ಟಾರ್ಚ್ ಹಿಡಿದು ಓದಿದೆವು. ಕೆಲಸದ ವಿವರ ಬರೆದ ಕಾರ್ಡಿನಲ್ಲಿದ್ದ ಪಾರ್ಟ್ ನಂಬರಿಗೂ ಇದಕ್ಕೂ ಕೊನೆಯ ಎರಡು ಅಂಕಿ ಬೇರೆ. ಬಿಚ್ಚಿ ತೆಗೆದು, ಸೂಕ್ಷ್ಮ ಅಳತೆ ನೋಡುವ ವರ್ನಿಯರ್ ಹಿಡಿದರೆ ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಆದರೂ ವ್ಯತ್ಯಾಸ ಇತ್ತು. ಕೈ ತಣ್ಣಗಾಯಿತು.

ಯಾಕೆ ಅಂದರೆ 1983ರಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ ಒಂದು ಟ್ರೈಸ್ಟಾರ್ ವಿಮಾನದ ಮೂರೂ ಇಂಜಿನ್‌ಗಳಲ್ಲಿ ಇದೇ ಪ್ಲಗ್‌ಗಳಿಗೆ ಓ-ರಿಂಗ್ ಹಾಕಿರಲಿಲ್ಲ. ಆಯಿಲ್ ಸೋರಿ ಮೂರೂ ನಿಂತವು. ಸಮುದ್ರದ ಮೇಲೆ ಇಳಿಯುತ್ತಾ ಇಳಿಯುತ್ತಾ ಒಂದನ್ನು ಮತ್ತೆ ಶುರು ಮಾಡಿ ಹೇಗೋ ವಾಪಸ್ ಬಂದರು. ಎಲ್ಲಾ ಇಂಜಿನ್‌ಗೂ ಒಂದೇ ಕೆಲಸವನ್ನು ಒಂದೇ ರಾತ್ರಿ ಒಬ್ಬನೇ ಮಾಡಬಾರದು ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಒಬ್ಬನ ತಪ್ಪು ಎಲ್ಲಾ ಇಂಜಿನ್‌ಗೂ ಹೋಗುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ 1990ರ ಬ್ರಿಟಿಷ್ ಏರ್‌ವೇಸ್ ಘಟನೆ. ರಾತ್ರಿ ಪಾಳಿಯಲ್ಲಿ ಕಾಕ್‌ಪಿಟ್ಟಿನ ಮುಂದಿನ ಗಾಜು ಬದಲಿಸಿದರು. 90 ಬೋಲ್ಟ್. ಮಾಡಿದವರು ಅನುಭವಸ್ಥರು. ಹಳೆಯ ಬೋಲ್ಟ್ ಹಿಡಿದುಕೊಂಡು, ಮಬ್ಬು ಬೆಳಕಿನಲ್ಲಿ ಹೊಸದನ್ನು ಹೋಲಿಸಿ ಆರಿಸಿದರು, ನಮ್ಮಪ್ಪನ ಹಾಗೇ. ಅದರಲ್ಲಿ 84 ಬೋಲ್ಟ್ ಬೇಕಾದ್ದಕ್ಕಿಂತ ದಪ್ಪ ಕಡಿಮೆ. ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ವಿಮಾನ 17,000 ಅಡಿ ದಾಟಿದಾಗ ಗಾಜು ಹಾರಿಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಜಗ್ಗಿಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು.

ಆ ತನಿಖೆಯಲ್ಲಿ ಇನ್ನೊಂದು ಸಂಗತಿ ಇದೆ. ಬಿಚ್ಚಿದ ಹಳೆಯ ಬೋಲ್ಟ್‌ಗಳಲ್ಲೇ ಹೆಚ್ಚಿನವು ತಪ್ಪು ಬೋಲ್ಟ್‌ಗಳಾಗಿದ್ದವು, ಉದ್ದ ಕಡಿಮೆ. ಹೋಲಿಸಿ ನೋಡುವುದಕ್ಕೆ ಹಿಡಿದ ವಸ್ತುವೇ ತಪ್ಪಾಗಿದ್ದರೆ ಕಣ್ಣು ಎಷ್ಟು ಚುರುಕಾಗಿದ್ದು ಏನು ಪ್ರಯೋಜನ, ಅಲ್ವಾ?

ಆ ರಾತ್ರಿಯ ನಂತರ ನಾನು ಕೆಲಸದ ರೀತಿಯನ್ನೇ ಬದಲಿಸಿಕೊಂಡೆ. ಟ್ರಾಲಿ ಮೇಲೆ ಒಂದು ಕೆಲಸದ ಸಾಮಾನು ಮಾತ್ರ. ಪ್ಯಾಕೆಟ್ ಹರಿಯುವ ಮೊದಲು ಪಾರ್ಟ್ ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ಜೋರಾಗಿ ಓದುತ್ತೇನೆ, ಜೊತೆಯವರು ಕಾರ್ಡ್ ನೋಡಿ ಹೂಂ ಅನ್ನಬೇಕು. ಸಹಿ ಹಾಕುವವರೆಗೂ ಖಾಲಿ ಪ್ಯಾಕೆಟ್ ಜೇಬಲ್ಲೇ ಇರುತ್ತದೆ. ನಿದ್ದೆ ಎಳೆಯುವ ಮೂರರಿಂದ ಐದರ ನಡುವೆ ಎರಡು ಸಲ ಓದುತ್ತೇನೆ.

ಈಗ ಹೊಸಬರು ಬಂದಾಗ, ನಮ್ಮ ಕಡೆಯ ಗ್ಯಾರೇಜ್ ಹುಡುಗರೂ ಬರುತ್ತಾರೆ, ಮೊದಲ ರಾತ್ರಿ ಎರಡು ಓ-ರಿಂಗ್ ಅಂಗೈಗೆ ಹಾಕಿ ಯಾವುದು ದಪ್ಪ ಅಂತ ಕೇಳುತ್ತೇನೆ. ಬೆರಳಲ್ಲಿ ಹೊರಳಿಸಿ, ಬೆಳಕಿಗೆ ಹಿಡಿದು, ಧೈರ್ಯವಾಗಿ ಒಂದನ್ನು ತೋರಿಸುತ್ತಾರೆ. ಆಮೇಲೆ ವರ್ನಿಯರ್ ಕೈಗೆ ಕೊಡುತ್ತೇನೆ.