ಕೊನೆಯ ಐದು ಆಟಗಳಲ್ಲಿ ನಾನು ಪಣ ಇಡುವ ಬಗೆ

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ ನಾವು ಕೆಲವರು ಸೇರಿ ಬ್ಲ್ಯಾಕ್‌ಜ್ಯಾಕ್ ಪಂದ್ಯ ಆಡುತ್ತೇವೆ. ಎಲೆಗಳ ಮೊತ್ತ 21 ದಾಟದಂತೆ, ಡೀಲರ್‌ನ, ಅಂದರೆ ಎಲೆ ಹಂಚುವವರ, ಮೊತ್ತಕ್ಕಿಂತ ಹೆಚ್ಚು ಮಾಡಬೇಕಾದ ಇಸ್ಪೀಟು ಆಟವಿದು; 21 ದಾಟಿದರೆ ಸೋಲು. ಹಾಸನಾಂಬೆಯ ಗುಡಿ ತೆರೆದಿರುವ ದಿನಗಳಲ್ಲಿ ದೀಪಾವಳಿಗೆಂದು ಊರಿಗೆ ಬಂದವರೂ ಜೊತೆಯಾದರೆ ಎರಡು ಮೇಜು ಹಾಕಬೇಕಾಗುತ್ತದೆ. ಹಣ ಕಟ್ಟುವುದಿಲ್ಲ. ಜೂಜು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಅಪರಾಧ. ಅದಲ್ಲದೆ, ಹಣ ಮೇಜಿನ ಮೇಲೆ ಬಂದರೆ ಲೆಕ್ಕ ಕಲಿಯುವ ಮನಸ್ಸೇ ಕೆಡುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪ್ಲಾಸ್ಟಿಕ್ ಬಿಲ್ಲೆಗಳಲ್ಲೇ ನಮ್ಮ ಸೋಲು, ಗೆಲುವು.

ನಮ್ಮ ನಿಯಮ ಇಷ್ಟು: ಆರಂಭದಲ್ಲಿ ಎಲ್ಲರಿಗೂ 1000, ಕನಿಷ್ಠ ಪಣ 10, ಗರಿಷ್ಠ 500, ಒಟ್ಟು 30 ಆಟ. ಕೊನೆಗೆ ಯಾರ ಮುಂದೆ ಹೆಚ್ಚು ಬಿಲ್ಲೆ ಇದೆಯೋ ಅವರೊಬ್ಬರೇ ಗೆದ್ದವರು, ಎರಡನೆಯವರಿಗೆ ಏನೂ ಇಲ್ಲ. ಹಾಗಾಗಿ ಡೀಲರ್‌ಗೆ ಸೋತು ನಾನು 700ಕ್ಕೆ ಇಳಿದರೂ ಉಳಿದವರು 690ರಲ್ಲಿದ್ದರೆ ಪಂದ್ಯ ನನ್ನದು.

ಮೊದಲ 25 ಆಟಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಣ್ಣ ಪಣ ಇಡುತ್ತೇನೆ, ಯಾವ ಎಲೆಗೆ ಏನು ಮಾಡಬೇಕೆಂದು ಹೇಳುವ, ಆಟಗಾರರೆಲ್ಲ ಬಲ್ಲ ಮೂಲ ಕ್ರಮದಂತೆ ಎಲೆ ಆಡುತ್ತೇನೆ. ಯಾರಾದರೂ ಬಹಳ ಮುಂದೆ ಹೋದರೆ ಮಾತ್ರ ಬೆನ್ನು ಹತ್ತುತ್ತೇನೆ. 25 ಮುಗಿದ ಕೂಡಲೇ ನೋಡುವುದು ಒಂದನ್ನು: 30ನೇ ಆಟದಲ್ಲಿ ಮೊದಲು ಪಣ ಇಡಬೇಕಾದವರು ಯಾರು? ಆ ಸರದಿ ಪ್ರತಿ ಆಟಕ್ಕೂ ಒಬ್ಬರಿಂದ ಮುಂದಿನವರಿಗೆ ಸರಿಯುವುದರಿಂದ ಬೆರಳು ಮಡಿಸಿ ಎಣಿಸಿದರೆ ಸಾಕು. ಕೊನೆಯಲ್ಲಿ ಪಣ ಇಡುವವರು ಎಲ್ಲರ ಪಣವನ್ನೂ ಕಂಡು ಇಡುತ್ತಾರೆ. ಪಂದ್ಯದಲ್ಲಿ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಆ ಸ್ಥಾನ ನನ್ನದಾಗಿದ್ದರೆ ತಾಳುತ್ತೇನೆ. ಮೊದಲು ಇಡುವ ಸರದಿ ನನ್ನ ಪಾಲಿಗೆ ಬರುವಂತಿದ್ದರೆ 27 ಅಥವಾ 28ನೇ ಆಟದಲ್ಲೇ ದೊಡ್ಡ ಪಣ ಇಟ್ಟು ಮುಂದೆ ಹೋಗಲು ನೋಡುತ್ತೇನೆ.

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ನಮ್ಮಲ್ಲಿ ಅತ್ಯಂತ ಗಟ್ಟಿ ಆಟಗಾರರು. ಕೊನೆಯ ಆಟ, ನನ್ನ ಬಳಿ 1200, ಅವರ ಬಳಿ 1000, ಉಳಿದವರು ತೀರಾ ಹಿಂದೆ ಎಂದಿಟ್ಟುಕೊಳ್ಳಿ. ಅವರು ಮೊದಲು 300 ಇಟ್ಟರು. ಗೆದ್ದರೆ 1300, ಡೀಲರ್‌ಗೆ ಸಮವಾಗಿ ಪಣ ವಾಪಸ್ ಬಂದರೆ 1000, ಸೋತರೆ 700. ನಾನೆಷ್ಟು ಇಡಬೇಕು?

ಕನಿಷ್ಠ 10 ಇಟ್ಟು ಸುಮ್ಮನಿರುವುದು ಸಾಲದು, ಅವರು ಗೆದ್ದರೆ ನನ್ನ 1210 ಏನೂ ಅಲ್ಲ. ಲೆಕ್ಕ ಬಲ್ಲವರ ಕೈ ಸಾಮಾನ್ಯವಾಗಿ 190ಕ್ಕೆ ಹೋಗುತ್ತದೆ. ಗೆದ್ದರೆ 1390, ಸೋತರೂ 1010, ಅಂದರೆ ಅವರ ಸಮಕ್ಕಿಂತ 10 ಹೆಚ್ಚು. ನೋಡಲು ಬಹಳ ಅಚ್ಚುಕಟ್ಟು. ಆದರೆ ಎದುರಿಗಿರುವವರು ಸುಮ್ಮನೆ ಕೂರುವವರಲ್ಲ. 190 ಕಂಡ ಕೂಡಲೇ ಅವರು ಯಾವ ಎಲೆ ಬಂದಿದ್ದರೂ ಡಬಲ್ ಮಾಡುತ್ತಾರೆ, ಅಂದರೆ ಪಣವನ್ನು ಎರಡು ಪಟ್ಟು ಮಾಡಿ ಇನ್ನೊಂದೇ ಎಲೆ ತೆಗೆದುಕೊಳ್ಳುತ್ತಾರೆ, ಗೆದ್ದರೆ 1600 ಆಗುತ್ತದೆ. ಆಗ ನಾನೂ ಡಬಲ್ ಮಾಡಿ ಗೆದ್ದರೆ 1580. ಇಪ್ಪತ್ತು ಬಿಲ್ಲೆಗೆ ಪಂದ್ಯ ಹೋಯಿತು.

ಆದ್ದರಿಂದ ಅವರಂಥವರ ಎದುರು ನಾನು 410 ಇಡುತ್ತೇನೆ. ಗೆದ್ದರೆ 1610, ಅವರ ಡಬಲ್‌ಗಿಂತಲೂ ಮೇಲೆ. ಇಬ್ಬರೂ ಸೋತರೆ ನನ್ನ ಬಳಿ 790, ಅವರ ಬಳಿ ಹೆಚ್ಚೆಂದರೆ 700. ನಾನು ಸೋತು ಅವರಿಗೆ ಸಮ ಬಂದರೆ ಮಾತ್ರ 190 ಇಟ್ಟಿದ್ದರೆ ಉಳಿಯುತ್ತಿದ್ದುದು ಇಲ್ಲಿ ಕೈತಪ್ಪುತ್ತದೆ. ಸಮ ಬರುವುದು ಅಪರೂಪ, ಡಬಲ್ ಮಾಡುವುದು ಅವರ ಕೈಯಲ್ಲೇ ಇದೆ. ಅಪರೂಪದ್ದನ್ನು ಬಿಟ್ಟು ಖಚಿತವಾದದ್ದಕ್ಕೆ ಕಾವಲು ಹಾಕುತ್ತೇನೆ.

ಈಗ ಜಾಗ ಬದಲಿಸಿ ನೋಡೋಣ. 1200 ಇರುವವರು ಮೊದಲೇ 500 ಇಟ್ಟಿದ್ದಾರೆ, ನನ್ನ ಬಳಿ 1000. ನಾನೂ 500 ಇಟ್ಟು ಇಬ್ಬರೂ ಗೆದ್ದರೆ ಅವರದು 1700, ನನ್ನದು 1500. ಮೇಲಿನಿಂದ ಹಿಡಿಯಲಾಗದ್ದನ್ನು ಕೆಳಗಿನಿಂದ ಹಿಡಿಯಬೇಕು. ನಾನು 290 ಇಡುತ್ತೇನೆ. ಇಬ್ಬರೂ ಸೋತರೆ ಅವರು 700, ನಾನು 710. ಅವರಿಗೆ ಸಮವಾಗಿ ನಾನು ಗೆದ್ದರೆ 1290, ಅವರ 1200ಕ್ಕಿಂತ ಹೆಚ್ಚು. ಒಟ್ಟಾರೆ ನೋಡಿದರೆ ಆಟಗಾರ ನೂರರಲ್ಲಿ ಸುಮಾರು 48 ಸಲ ಸೋಲುತ್ತಾನೆ, 43 ಸಲ ಗೆಲ್ಲುತ್ತಾನೆ. ಡೀಲರ್‌ನ ಆ ಮೇಲುಗೈ ಈಗ ನನ್ನ ಪರವಾಗಿ ದುಡಿಯುತ್ತದೆ. ಹಿಂದೆ ಉಳಿದವರು ಎಲ್ಲವನ್ನೂ ಮುಂದೆ ತಳ್ಳಿ ದೇವರ ಮೇಲೆ ಭಾರ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಲೆ ಆಡುವ ಕ್ರಮವೂ ಕೊನೆಯ ಆಟದಲ್ಲಿ ತಲೆಕೆಳಗಾಗಬಹುದು. ಎದುರಾಳಿಯ ಬಳಿ 1300, ಇಟ್ಟದ್ದು ಬರೀ 10. ನನ್ನ ಬಳಿ 800. 500 ಇಟ್ಟು ಗೆದ್ದರೂ 1300, ಅವರು ಗೆದ್ದರೆ 1310. ನಾನು ಸರಿಯಾಗಿ ಅರ್ಧ, ಅಂದರೆ 400 ಇಡುತ್ತೇನೆ. ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಗಳಲ್ಲಿ 21) ಬಂದರೆ ಒಂದೂವರೆ ಪಟ್ಟು ಸಿಕ್ಕಿ 1400 ಆಗುತ್ತದೆ. ಇಲ್ಲದಿದ್ದರೆ ಡಬಲ್ ಮಾಡಲು ಅಥವಾ ಜೋಡಿ ಒಡೆಯಲು (ಒಂದೇ ಬೆಲೆಯ ಎರಡು ಎಲೆಗಳನ್ನು ಬೇರೆ ಮಾಡಿ, ತಲಾ ಒಂದು ಪಣದಲ್ಲಿ ಎರಡು ಕೈ ಆಡಲು) ಇನ್ನೊಂದು 400 ಕೈಯಲ್ಲಿರುತ್ತದೆ. ತಲಾ 10 ಬೆಲೆಯ ರಾಜ, ರಾಣಿ ಬಂದು 20 ಆಯಿತು, ಡೀಲರ್ ಮುಂದೆ 6 ಇದೆ ಎನ್ನಿ. ಬೇರೆ ದಿನ 20 ಮುಟ್ಟುವುದು ಹುಚ್ಚುತನ. ಇಲ್ಲಿ 20 ಗೆದ್ದರೂ 1200, ಪ್ರಯೋಜನವಿಲ್ಲ. ಆದ್ದರಿಂದ ಒಡೆಯುತ್ತೇನೆ, ಎರಡೂ ಕಡೆ 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಿಲ್ಲುತ್ತೇನೆ. 6 ತೋರಿಸುವ ಡೀಲರ್ ಸುಮಾರು ಶೇ 42ರಷ್ಟು ಸಲ 21 ದಾಟುತ್ತಾನೆ. ಆಗ ನನ್ನದು 1600. “ಇಪ್ಪತ್ತನ್ನು ಒಡೆಯುತ್ತೀರಾ ಅಣ್ಣ!” ಎಂದು ಪಕ್ಕದ ಹುಡುಗರು ಕೂಗಿದಾಗಲೆಲ್ಲ ಆಟ ಮುಗಿದ ಮೇಲೆ ಕಾಗದ ತೆಗೆದು ಇದೇ ಲೆಕ್ಕ ಬರೆದು ತೋರಿಸುತ್ತೇನೆ.

ಅಮೆರಿಕದಲ್ಲಿ 2006ರಲ್ಲಿ ಟಿವಿಗೆ ಬಂದ ಅಲ್ಟಿಮೇಟ್ ಬ್ಲ್ಯಾಕ್‌ಜ್ಯಾಕ್ ಟೂರ್‌ನಲ್ಲಿ 8, 16, 25ನೇ ಆಟಗಳ ಕೊನೆಗೆ ಅತಿ ಕಡಿಮೆ ಬಿಲ್ಲೆಯವರು ಹೊರಗೆ ಹೋಗುತ್ತಿದ್ದರು. ಜೊತೆಗೆ ಒಬ್ಬರಿಗೆ ಒಂದು ಗುಪ್ತ ಪಣ. ಗುಪ್ತ ಪಣವನ್ನು ನಾವೂ ತಂದುಕೊಂಡಿದ್ದೇವೆ: ಚೀಟಿಯಲ್ಲಿ ಬರೆದು ಮಡಿಸಿಡುವುದು, ಎಲೆಗಳೆಲ್ಲ ಮುಗಿದ ಮೇಲೆ ಬಿಡಿಸುವುದು. ಮೊದಲು ಹೇಳಿದ 1200, 1000ದ ಸ್ಥಿತಿಯಲ್ಲೇ ಬೆಳೆಗಾರರು ಚೀಟಿ ಮಡಿಸಿದರೆ ನನ್ನ 410 ಅಪಾಯಕಾರಿ. ಒಳಗೆ 10 ಎಂದಿದ್ದರೆ, ನಾನು ಸೋತ ಮೇಲೆ ಉಳಿಯುವ 790 ಅವರ 990ಕ್ಕೂ ಸಾಟಿಯಲ್ಲ. ಆಗ ನಾನು ಇಡುವುದು 180. ಸೋತರೆ 1020, ಅದು ಅವರ 1010ಕ್ಕಿಂತ ಮೇಲೆ. ಒಳಗೆ 500 ಇರಬಹುದೆಂದು ಅವರ ಆಟದ ಧಾಟಿಯಿಂದ ಅನಿಸಿದರೆ ಡಬಲ್ ಮಾಡುತ್ತೇನೆ, ಗೆದ್ದರೆ 1560, ಅವರದು 1500.