ಫ್ಲೋರೈಡ್ ವಾದ ಕೇಳಿ ಗೊಂದಲ ಆಗಿದೆಯಾ? ಹೀಗೆ ಜರಡಿ ಹಿಡಿಯಿರಿ

ಹಲ್ಲು ಹುಳುಕಾಗದಿರಲಿ ಅಂತ ಕುಡಿಯುವ ನೀರಿಗೆ ಫ್ಲೋರೈಡ್ ಅನ್ನುವ ಖನಿಜ ಬೆರೆಸಬೇಕಾ, ಬೇಡವಾ? ಈ ಜಗಳಕ್ಕೆ ಎಂಬತ್ತು ವರ್ಷ ದಾಟಿದೆ. 1945ರ ಜನವರಿಯಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಮೊದಲು ಬೆರೆಸಿತು. ಇವತ್ತಿಗೂ ಒಬ್ಬರು ಅದನ್ನು ವಿಷ ಅನ್ನುತ್ತಾರೆ, ಇನ್ನೊಬ್ಬರು ಮಕ್ಕಳ ಹಲ್ಲು ಉಳಿಸಿದ ದೊಡ್ಡ ಸಾಧನೆ ಅನ್ನುತ್ತಾರೆ, ಇಬ್ಬರ ಕೈಯಲ್ಲೂ ಒಂದೊಂದು ಅಧ್ಯಯನ ಇರುತ್ತದೆ. ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಅಂತ ನೀವೇ ನೋಡಿಕೊಳ್ಳುವುದು ಕಷ್ಟವೇನಲ್ಲ.

ಮೊದಲ ಕೆಲಸ: ಯಾರು ಏನೇ ಹೇಳಲಿ, "ಎಷ್ಟು?" ಅಂತ ಕೇಳಿ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ? ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ಬರೆದಿದ್ದರೂ ನೀರಿನ ಮಟ್ಟಿಗೆ ಅದೇ ಲೆಕ್ಕ. ಅಂಕಿ ಹೇಳದೆ "ಫ್ಲೋರೈಡ್ ಒಳ್ಳೆಯದು", "ಫ್ಲೋರೈಡ್ ಕೆಟ್ಟದ್ದು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಈ ಕಥೆ ಶುರುವಾಗಿದ್ದೇ ಜಾಸ್ತಿ ಫ್ಲೋರೈಡ್‌ನಿಂದ. 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಹೋದಾಗ ಅಲ್ಲಿನ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ ಕಂಡರು. ಆ ಕಲೆ ಬಿದ್ದ ಹಲ್ಲುಗಳಲ್ಲಿ ಹುಳುಕು ಮಾತ್ರ ಕಡಿಮೆ. ಕಾರಣ ನೀರಿನಲ್ಲಿ ಸಹಜವಾಗಿಯೇ ಇದ್ದ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. ಆಮೇಲೆ ಅಮೆರಿಕದ ಇನ್ನೊಬ್ಬ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರಿನ ನೀರು ಮತ್ತು ಹಲ್ಲು ಹೋಲಿಸಿ ನೋಡಿ, ಲೀಟರ್‌ಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ ಹುಳುಕು ಕಡಿಮೆಯಾಗುತ್ತದೆ, ಎದ್ದು ಕಾಣುವ ಕಲೆಯೂ ಅಷ್ಟಾಗಿ ಬೀಳುವುದಿಲ್ಲ ಅಂತ ಕಂಡುಕೊಂಡರು. ಅಂದರೆ ಲಾಭ, ಹಾನಿ ಎರಡೂ ಒಂದೇ ಕಡೆ ಹುಟ್ಟಿದ ಸಂಗತಿಗಳು.

ಕೆಲವು ಅಂಕಿ ನೆನಪಿಟ್ಟುಕೊಳ್ಳಿ. ಅಮೆರಿಕದಲ್ಲಿ ಬೆರೆಸಲು 2015ರಲ್ಲಿ ಸರ್ಕಾರ ಹೇಳಿದ ಪ್ರಮಾಣ ಲೀಟರ್‌ಗೆ 0.7 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ 1.5. ವರ್ಷಗಟ್ಟಲೆ 3ರಿಂದ 6ರಷ್ಟು ಇರುವ ನೀರು ಕುಡಿದರೆ ಮೂಳೆಗೆ ತೊಂದರೆ ಕಾಣಿಸಬಹುದು, 10 ದಾಟಿದರೆ ಅಂಗವೈಕಲ್ಯದವರೆಗೂ ಹೋಗಬಹುದು. ಈಗ ಯಾರಾದರೂ ಬಗ್ಗಿದ ಕಾಲುಗಳ ಫೋಟೋ ತೋರಿಸಿ "ನೋಡಿ, ನಲ್ಲಿ ನೀರಿಗೆ ಇದನ್ನೇ ಹಾಕುತ್ತಾರೆ" ಅಂದರೆ, ಆ ಫೋಟೋದ ಊರಿನ ನೀರಿನಲ್ಲಿ ಎಷ್ಟಿತ್ತು ಅಂತ ಕೇಳಿ. ಸಾಮಾನ್ಯವಾಗಿ ಅದು ಯಾರೂ ಬೆರೆಸದ, ನೆಲದಿಂದಲೇ ಬಂದ ಫ್ಲೋರೈಡ್ ಆಗಿರುತ್ತದೆ. ಹಾಗಾಗಿ "ನೈಸರ್ಗಿಕವಾದರೆ ಪರವಾಗಿಲ್ಲ, ಬೆರೆಸಿದ್ದು ಮಾತ್ರ ಕೆಟ್ಟದ್ದು" ಅನ್ನುವ ವಾದವನ್ನು ಸುಮ್ನೆ ಪಕ್ಕಕ್ಕಿಡಬಹುದು.

ನೀರಿನಲ್ಲಿರುವ ಪ್ರಮಾಣ ಬೇರೆ, ಹೊಟ್ಟೆಗೆ ಹೋಗುವ ಪ್ರಮಾಣ ಬೇರೆ. ಬಿಸಿಲಲ್ಲಿ ದುಡಿಯುವವರು ಜಾಸ್ತಿ ನೀರು ಕುಡಿಯುತ್ತಾರೆ. ಪುಡಿ ಹಾಲನ್ನೇ ಕುಡಿಯುವ ಹಸುಗೂಸಿಗೆ ಅದರ ತೂಕಕ್ಕೆ ಹೋಲಿಸಿದರೆ ತುಂಬಾ ನೀರು ಹೋಗುತ್ತದೆ. ವಿರೋಧಿಗಳ ಈ ಮಾತು ಸರಿಯಾಗಿಯೇ ಇದೆ, ಬೆಂಬಲಿಗರು ಇದನ್ನು ಹಗುರವಾಗಿ ತಳ್ಳಿಹಾಕಬಾರದು.

ಈಗ ಎಲ್ಲರನ್ನೂ ಹೆದರಿಸುವ ವಿಷಯ, ಮಕ್ಕಳ ಬುದ್ಧಿಮಟ್ಟ. 2024ರ ಆಗಸ್ಟ್‌ನಲ್ಲಿ ವಿಷವಸ್ತುಗಳ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ ಒಂದು ವರದಿ ಕೊಟ್ಟಿತು. 1.5 ಮಿಲಿಗ್ರಾಂಗಿಂತ ಜಾಸ್ತಿ ಇರುವ ನೀರು ಕುಡಿಯುವುದಕ್ಕೂ ಮಕ್ಕಳ ಐಕ್ಯೂ ಕಡಿಮೆ ಇರುವುದಕ್ಕೂ ನಂಟಿದೆ ಅಂತ ಮಧ್ಯಮ ಮಟ್ಟದ ವಿಶ್ವಾಸದಿಂದ ಅದು ಹೇಳಿತು. 0.7ರ ಬಗ್ಗೆ ತೀರ್ಮಾನಕ್ಕೆ ಬರಲು ಮಾಹಿತಿ ಸಾಲದು ಅಂತಲೂ ಹೇಳಿತು. ಒಂದು ಕಡೆಯವರು ಮೊದಲ ಭಾಗ ಮಾತ್ರ ಓದುತ್ತಾರೆ, ಇನ್ನೊಂದು ಕಡೆಯವರು ಎರಡನೆಯದ್ದು ಮಾತ್ರ. ನೀವು ಎರಡೂ ಓದಿ. "ಹಾನಿ ಸಾಬೀತಾಗಿಲ್ಲ" ಅಂದರೆ "ಹಾನಿ ಇಲ್ಲ ಅಂತ ಸಾಬೀತಾಗಿದೆ" ಅಂತ ಅಲ್ಲ. 0.7ಕ್ಕೂ 1.5ಕ್ಕೂ ನಡುವಿನ ಅಂತರ ಅಂಥಾ ದೊಡ್ಡದೂ ಅಲ್ಲ, ಅಲ್ವಾ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಅಮೆರಿಕದ ನ್ಯಾಯಾಧೀಶ ಎಡ್ವರ್ಡ್ ಚೆನ್ ಅವರ ತೀರ್ಪನ್ನೂ ಹೀಗೇ ಓದಬೇಕು. ನೀರಿಗೆ 0.7ರಷ್ಟು ಬೆರೆಸುವುದು ಕಾನೂನಿನ ಪ್ರಕಾರ ಕಡೆಗಣಿಸಲಾಗದ ಅಪಾಯ, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಏನಾದರೂ ಕ್ರಮ ಕೈಗೊಳ್ಳಬೇಕು ಅಂತ ಅವರು ಹೇಳಿದರು. ನೀರು ಖಂಡಿತ ಆರೋಗ್ಯ ಕೆಡಿಸುತ್ತದೆ ಅಂತ ಹೇಳಲಿಲ್ಲ.

ಲಾಭದ ಲೆಕ್ಕಕ್ಕೆ ಬಂದರೆ, ಅಧ್ಯಯನ ಯಾವ ವರ್ಷದ್ದು ಅಂತ ನೋಡಿ. ಇದನ್ನು ಜನ ಮರೆಯುವುದೇ ಜಾಸ್ತಿ. 1975ಕ್ಕೆ ಮೊದಲು ಫ್ಲೋರೈಡ್ ಟೂತ್‌ಪೇಸ್ಟ್ ಎಲ್ಲರ ಮನೆಯಲ್ಲಿ ಇರಲಿಲ್ಲ, ಆಗಿನ ಅಧ್ಯಯನಗಳಲ್ಲಿ ಲಾಭ ದೊಡ್ಡದಾಗಿ ಕಾಣುತ್ತಿತ್ತು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರನ್ ಸಂಸ್ಥೆಯ 2024ರ ವಿಮರ್ಶೆಯ ಪ್ರಕಾರ ಆಮೇಲಿನ ಅಧ್ಯಯನಗಳಲ್ಲಿ ಮಗುವಿಗೆ ಸರಾಸರಿ ಕಾಲು ಹಾಲುಹಲ್ಲಿನಷ್ಟು ಹುಳುಕು ಕಡಿಮೆಯಾಗಬಹುದು, ಅದೂ ಪೂರ್ತಿ ಖಚಿತವಲ್ಲ. ಫ್ಲೋರೈಡ್ ಮುಖ್ಯವಾಗಿ ಕೆಲಸ ಮಾಡುವುದು ಹೊಟ್ಟೆಗೆ ಹೋಗಿ ಅಲ್ಲ, ಹಲ್ಲಿನ ಮೇಲ್ಮೈಗೆ ತಾಗಿ. ಬಾಯಿಯ ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗಿಸಿದಾಗ ಆ ಖನಿಜ ಮತ್ತೆ ಕೂಡಿಕೊಳ್ಳಲು ಫ್ಲೋರೈಡ್ ನೆರವಾಗುತ್ತದೆ. ಆ ಕೆಲಸವನ್ನು ಟೂತ್‌ಪೇಸ್ಟ್ ಕೂಡ ಮಾಡುತ್ತದೆ.

ಹಾಗಂತ ನಿಲ್ಲಿಸಿದರೆ ಏನೂ ಆಗುವುದಿಲ್ಲ ಅಂತಲ್ಲ. ಕೆನಡಾದ ಕ್ಯಾಲ್ಗರಿ 2011ರಲ್ಲಿ ನಿಲ್ಲಿಸಿತು, ಎಡ್ಮಂಟನ್ ಮುಂದುವರಿಸಿತು. ಏಳೆಂಟು ವರ್ಷದ ನಂತರ ಎರಡನೇ ತರಗತಿ ಮಕ್ಕಳ ಹಾಲುಹಲ್ಲು ನೋಡಿದಾಗ ಕ್ಯಾಲ್ಗರಿಯಲ್ಲಿ ಶೇ 65ರಷ್ಟು, ಎಡ್ಮಂಟನ್‌ನಲ್ಲಿ ಶೇ 55ರಷ್ಟು ಮಕ್ಕಳಿಗೆ ಹುಳುಕಿತ್ತು. 2025ರಲ್ಲಿ ಕ್ಯಾಲ್ಗರಿ ಮತ್ತೆ ಬೆರೆಸಲು ಶುರು ಮಾಡಿತು. ಆದರೆ ಫಿನ್ಲೆಂಡ್‌ನ ಕುವೊಪಿಯೊ 1992ರಲ್ಲಿ ನಿಲ್ಲಿಸಿದಾಗ ಹುಳುಕು ಏರಲೇ ಇಲ್ಲ. ಅಲ್ಲಿನ ಮಕ್ಕಳಿಗೆ ಹಲ್ಲಿನ ಆರೈಕೆ ಮೊದಲಿಂದಲೂ ಚೆನ್ನಾಗಿ ಸಿಗುತ್ತಿತ್ತು. ಒಂದೇ ಊರಿನ ಉದಾಹರಣೆ ಹಿಡಿದುಕೊಂಡು ವಾದ ಮಾಡುವವರಿಗೆ ಇನ್ನೊಂದು ಊರಿನ ಹೆಸರು ಹೇಳಿ, ಸಾಕು.

"ಯುರೋಪ್ ಪೂರ್ತಿ ನಿಷೇಧಿಸಿದೆ" ಅಂತ ಯಾರಾದರೂ ಹೇಳಿದರೆ, ಯಾವ ದೇಶ, ಯಾಕೆ ಅಂತ ಕೇಳಿ. ನೆದರ್ಲೆಂಡ್ಸ್ ನಿಲ್ಲಿಸಿದ್ದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದಕ್ಕೆ ಕಾನೂನಿನ ಆಧಾರ ಇಲ್ಲ ಅಂದ ಮೇಲೆ. ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ನೀರಿಗೆ ಹಾಕದಿದ್ದರೂ ಫ್ಲೋರೈಡ್ ಉಪ್ಪು ಮಾರುತ್ತಾರೆ. ಐರ್ಲೆಂಡ್ 1964ರಿಂದ ಇವತ್ತಿಗೂ ಬೆರೆಸುತ್ತಿದೆ. ಇನ್ನು ನಾಜಿಗಳು ಕೈದಿಗಳನ್ನು ಮೆತ್ತಗಾಗಿಸಲು ಶಿಬಿರದ ನೀರಿಗೆ ಫ್ಲೋರೈಡ್ ಹಾಕಿದರು, ನೀರಿಗೆ ಬೆರೆಸುವುದೇ ಕಮ್ಯುನಿಸ್ಟ್ ಸಂಚು ಅನ್ನುವ ಆಧಾರವಿಲ್ಲದ ಕಥೆ ಬಂದರೆ ಸಮಯ ಹಾಳು ಮಾಡಬೇಡಿ.

ವಿಜ್ಞಾನದ ಪ್ರಶ್ನೆಯನ್ನೂ ಒಪ್ಪಿಗೆಯ ಪ್ರಶ್ನೆಯನ್ನೂ ಕಲಸಬೇಡಿ. "ಇದು ಕೆಲಸ ಮಾಡುತ್ತದಾ?" ಒಂದು. "ನನ್ನನ್ನು ಕೇಳದೆ ನನ್ನ ನೀರಿಗೆ ಹಾಕಬಹುದಾ?" ಇನ್ನೊಂದು. ಎರಡನೆಯದ್ದಕ್ಕೆ ಯಾವ ಪ್ರಯೋಗಾಲಯವೂ ಉತ್ತರ ಕೊಡುವುದಿಲ್ಲ. ಫ್ಲೋರೈಡ್ ಸುರಕ್ಷಿತ ಅಂತ ನಂಬಿಯೂ ಬೆರೆಸುವುದು ಬೇಡ ಅನ್ನಬಹುದು, ಅದು ಮೂಢತನ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಮಕ್ಕಳಿಗೂ ಟೂತ್‌ಪೇಸ್ಟ್ ಮತ್ತು ದಂತವೈದ್ಯರು ಸಿಗುವ ಕಡೆ ನೀರಿಗೆ ಹಾಕುವ ಅಗತ್ಯ ಕಡಿಮೆ, ಸಿಗದ ಕಡೆ ನಿಲ್ಲಿಸುವ ಮೊದಲು ಹತ್ತು ಸಲ ಯೋಚಿಸಬೇಕು. ಯಾಕೆಂದರೆ ಪೆಟ್ಟು ಬೀಳುವುದು ಬಡ ಮಕ್ಕಳಿಗೆ.

ವಾದ ಏನೇ ಇರಲಿ, ಮನೆಯಲ್ಲಿ ಮಾಡುವ ಕೆಲಸ ಬೇರೆ ಇದೆ. ಫ್ಲೋರೈಡ್‌ಗೆ ಬಣ್ಣ, ವಾಸನೆ, ರುಚಿ ಇಲ್ಲ, ನಾಲಿಗೆ ಮೇಲೆ ಭರವಸೆ ಇಡಬೇಡಿ. ನೀರು ಪೂರೈಸುವವರ ಹತ್ತಿರ ವರದಿ ಕೇಳಿ, ಬೋರ್‌ವೆಲ್ ಆದರೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. 1.5 ದಾಟಿದ್ದರೆ ಬೆರೆಸುವ ಮಾತೇ ಬೇಡ, ತೆಗೆಯುವ ದಾರಿ ನೋಡಿ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಪ್ರಮಾಣ ಇನ್ನಷ್ಟು ಏರುತ್ತದೆ. ಮಾಮೂಲಿ ಕಾರ್ಬನ್ ಫಿಲ್ಟರ್‌ನಿಂದ ಹೆಚ್ಚು ಪ್ರಯೋಜನ ಇಲ್ಲ, ಆರ್‌ಒ ಬಹುಪಾಲು ತೆಗೆಯುತ್ತದೆ. ಪುಟ್ಟ ಮಕ್ಕಳ ಟೂತ್‌ಪೇಸ್ಟ್ ಮೇಲೂ ಕಣ್ಣಿಡಿ. 1,000 ಪಿಪಿಎಂ ಪೇಸ್ಟ್ ಬಟಾಣಿ ಕಾಳಿನಷ್ಟು, ಅಂದರೆ ಕಾಲು ಗ್ರಾಂ ನುಂಗಿದರೆ 0.25 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. 0.7 ಇರುವ ನೀರನ್ನು ಸುಮಾರು ಮೂರನೇ ಒಂದು ಲೀಟರ್ ಕುಡಿದಷ್ಟೇ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು, ಉಗಿಯುವುದನ್ನು ಕಲಿಸಿ. ಹಲ್ಲಿನ ಮೇಲೆ ಕಲೆ ಬೀಳುವ ಭಯ ಇರುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟರವರೆಗೆ.

ನಿಮ್ಮಲ್ಲಿ ಈ ಬಗ್ಗೆ ಸಾರ್ವಜನಿಕ ಸಭೆ ನಡೆದರೆ ಭಾಷಣ ಮಾಡಬೇಡಿ, ಪ್ರಶ್ನೆ ಕೇಳಿ. ನೀರಿನಲ್ಲಿ ಈಗಾಗಲೇ ಎಷ್ಟಿದೆ? ಎಷ್ಟಕ್ಕೆ ಏರಿಸುತ್ತೀರಿ? ಸಾಮಾನ್ಯವಾಗಿ ಬೆರೆಸುವ ಫ್ಲೋರೋಸಿಲಿಸಿಕ್ ಆಮ್ಲ ಫಾಸ್ಫೇಟ್ ಗೊಬ್ಬರ ತಯಾರಿಕೆಯ ಉಪ ಉತ್ಪನ್ನ, ಅದರಲ್ಲಿ ಆರ್ಸೆನಿಕ್ ಇದೆಯೇ ಅಂತ ಯಾರು ನೋಡುತ್ತಾರೆ? ಪಂಪ್ ಕೆಟ್ಟರೆ ಏನು ಗತಿ? ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ, 1992ರಲ್ಲಿ ಅಲಾಸ್ಕದ ಹೂಪರ್ ಬೇಯಲ್ಲಿ ಬೆರೆಸುವ ವ್ಯವಸ್ಥೆ ಕೆಟ್ಟು ಒಬ್ಬರು ಸತ್ತರು, ನೂರಾರು ಜನ ಕಾಯಿಲೆ ಬಿದ್ದರು. ನಿಲ್ಲಿಸಬೇಕು ಅನ್ನುವವರನ್ನೂ ಬಿಡಬೇಡಿ: ಬದಲಿಗೆ ಏನು ಕೊಡುತ್ತೀರಿ? ಸ್ಕಾಟ್ಲೆಂಡ್ ನೀರಿಗೆ ಬೆರೆಸುವುದಿಲ್ಲ, ಆದರೆ ಚೈಲ್ಡ್‌ಸ್ಮೈಲ್ ಯೋಜನೆಯಲ್ಲಿ ನರ್ಸರಿ ಮಕ್ಕಳಿಗೆ ಅಲ್ಲೇ ನಿಂತು ಹಲ್ಲುಜ್ಜಿಸುತ್ತಾರೆ. ಅಂಥದ್ದೊಂದಕ್ಕೆ ಹಣ ಎತ್ತಿಟ್ಟಿದ್ದೀರಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.